‘ಪಾಸ್’ ಆದ ಡಿಸ್ಕೇ ಕಂಪ್ಯೂಟರನ್ನು ನಿಲ್ಲಿಸುತ್ತಿತ್ತು

ಮುಂಬೈಯ ಮಾಟುಂಗಾದ ಉಡುಪಿ ಹೋಟೆಲೊಂದರ ಲೆಕ್ಕಪತ್ರದ ಕಂಪ್ಯೂಟರ್ ದಿನಕ್ಕೆ ಹತ್ತು ಹನ್ನೆರಡು ಬಾರಿ ಹ್ಯಾಂಗ್ ಆಗುತ್ತಿತ್ತು. ನನಗಿಂತ ಮೊದಲು ಇಬ್ಬರು ಅದನ್ನು ನೋಡಿ, ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿ, ರ‍್ಯಾಮನ್ನೂ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ಸನ್ನೂ ಬದಲಿಸಿ, ಸುಮಾರು ಐದೂವರೆ ಸಾವಿರ ರೂಪಾಯಿ ಖರ್ಚು ಮಾಡಿಸಿದ್ದರು. ಮದರ್‌ಬೋರ್ಡ್ ಬದಲಿಸುವ ಮಾತೂ ನಡೆದಿತ್ತು. ದೋಷವಿರುವುದು ಹಾರ್ಡ್‌ಡಿಸ್ಕಿನಲ್ಲಿ ಎಂದು ನಾನು ಹೇಳಿದಾಗ, ಡಿಸ್ಕಿನ ಆರೋಗ್ಯ ಪರೀಕ್ಷೆಯಲ್ಲಿ ‘ಪಾಸ್’ ಬಂದಿದೆಯಲ್ಲ ಎಂದು ಇಬ್ಬರೂ ಒಪ್ಪಲಿಲ್ಲ. ಮಾಲೀಕರು ಮಾತ್ರ, “ನೀವು ನಮ್ಮ ಊರಿನವರು, ಒಂದು ವಾರ ನೋಡಿ” ಎಂದು ಕೆಲಸವನ್ನು ನನಗೆ ವಹಿಸಿದರು.

ನನ್ನ ಅನುಮಾನಕ್ಕೆ ಕಾರಣ ಅದು ಹ್ಯಾಂಗ್ ಆಗುತ್ತಿದ್ದ ರೀತಿ. ಮೌಸ್ ಓಡಾಡುತ್ತಿತ್ತು, ಕ್ಯಾಪ್ಸ್‌ಲಾಕ್ ದೀಪ ಹೊತ್ತಿ ಆರುತ್ತಿತ್ತು, ಆದರೆ ಒಂದು ಫೈಲೂ ತೆರೆಯುತ್ತಿರಲಿಲ್ಲ. ಡಿಸ್ಕಿನ ದೀಪ ಅರ್ಧ ನಿಮಿಷ ಒಂದೇ ಸಮನೆ ಉರಿದು, ಆಮೇಲೆ ಅಷ್ಟು ಹೊತ್ತು ಒತ್ತಿದ್ದೆಲ್ಲ ಒಮ್ಮೆಗೇ ನಡೆದುಬಿಡುತ್ತಿತ್ತು. ರ‍್ಯಾಮ್ ಕೆಟ್ಟರೆ ಯಂತ್ರ ಹೀಗೆ ತಾನಾಗಿ ಚೇತರಿಸಿಕೊಳ್ಳುವುದು ಅಪರೂಪ. ವಿಂಡೋಸಿನ ದೋಷಗಳ ದಾಖಲೆಯಾದ ಈವೆಂಟ್ ವ್ಯೂವರಿನಲ್ಲಿ, ಡಿಸ್ಕ್ ಉತ್ತರಿಸಲು ತಡಮಾಡಿದಾಗ ಬರುವ 129 ಮತ್ತು 153ರ ನಮೂದುಗಳು ಸಾಲಾಗಿದ್ದವು.

ಮೊದಲ ಹೆಜ್ಜೆಯಲ್ಲಿ ನಾನೂ ತಪ್ಪಿದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ, ಕೇಬಲಿನಲ್ಲಿ ಡೇಟಾ ಸಾಗುವಾಗಿನ ತಪ್ಪುಗಳನ್ನು ತೋರಿಸುವ 199ರ ಸಿಆರ್‌ಸಿ ಎಣಿಕೆ ಮುನ್ನೂರರ ಆಸುಪಾಸಿನಲ್ಲಿದ್ದುದನ್ನು ಕಂಡು, ಲ್ಯಾಮಿಂಗ್ಟನ್ ರೋಡಿನಿಂದ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಎಂಬತ್ತು ರೂಪಾಯಿಯ ಸಾಟಾ ಕೇಬಲ್ ತಂದು ಹಾಕಿ, ಸರಿಯಾಯಿತೆಂದು ಮಾಲೀಕರಿಗೆ ಹೇಳಿಬಿಟ್ಟೆ. ನಾಲ್ಕು ದಿನ ಚೆನ್ನಾಗಿ ನಡೆದು, ಐದನೆಯ ದಿನ ಮತ್ತೆ ನಿಂತಿತು. 199ರ ಎಣಿಕೆ ಆಮೇಲೆ ಒಂದೂ ಏರಿರಲಿಲ್ಲವಾದ್ದರಿಂದ ಹಳೆಯ ಕೇಬಲ್ ಕೆಟ್ಟಿದ್ದುದು ನಿಜ, ಆದರೆ ರೋಗ ಅದೊಂದೇ ಆಗಿರಲಿಲ್ಲ.

ಆಗ ನನ್ನ ಪದ್ಧತಿಯನ್ನು ಪೂರ್ತಿಯಾಗಿ ಹಿಡಿದೆ. ಸ್ಮಾರ್ಟ್ ಪಟ್ಟಿಯ 5 (ಕೆಟ್ಟು, ಬೇರೆ ಜಾಗಕ್ಕೆ ಬದಲಾಯಿಸಿದ ಸೆಕ್ಟರುಗಳು, ಅಂದರೆ ಡಿಸ್ಕಿನ ಚಿಕ್ಕ ತುಣುಕುಗಳು), 197 ಮತ್ತು 198 (ಸರಿಪಡಿಸಲಾಗದ ಸೆಕ್ಟರುಗಳು) ಇವುಗಳ ಕಚ್ಚಾ ಅಂಕಿಗಳನ್ನು ಬರೆದುಕೊಂಡು, ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಕೇವಲ ಓದಿಸಿ, ಅವೇ ಅಂಕಿಗಳನ್ನು ಮತ್ತೆ ಬರೆದುಕೊಳ್ಳುವುದು ಆ ಪದ್ಧತಿ. ಮೊದಲ ಅಂಕಿಗಿಂತ ಎರಡರ ನಡುವಿನ ವ್ಯತ್ಯಾಸವೇ ನನಗೆ ಮುಖ್ಯ. 197, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, 8 ಇದ್ದದ್ದು 56ಕ್ಕೆ ಏರಿತ್ತು. ಓದುವ ವೇಗ ಸೆಕೆಂಡಿಗೆ ನೂರು ಎಂಬಿಯ ಹತ್ತಿರವಿದ್ದುದು ಕೆಲವು ಜಾಗಗಳಲ್ಲಿ ಎರಡು ಮೂರಕ್ಕೆ ಕುಸಿಯುತ್ತಿತ್ತು. ಇಷ್ಟಾದರೂ ಒಟ್ಟು ಫಲಿತಾಂಶ ‘ಪಾಸ್’ ಎಂದೇ ತೋರಿಸುತ್ತಿತ್ತು, ಏಕೆಂದರೆ ಆ ತೀರ್ಪು ತಯಾರಕರು ಇಟ್ಟ ಮಿತಿಯನ್ನು ನೋಡುತ್ತದೆಯೇ ಹೊರತು ಕಚ್ಚಾ ಎಣಿಕೆಯನ್ನಲ್ಲ. ಅಂಕಿಗಳು ಸೊನ್ನೆಯಿದ್ದರೂ ನಾನು ವೇಗವನ್ನು ನೋಡದೆ ಬಿಡುವುದಿಲ್ಲ; ಗೂಗಲ್ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ.

ಡಿಸ್ಕಿನ ತಪ್ಪುಗಳನ್ನು ಹುಡುಕಿ ತಿದ್ದುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ ಎಂದು ಸಲಹೆ ಬಂತು. ಡೊಂಬಿವಲಿಯ ಫೋಟೋ ಸ್ಟುಡಿಯೋ ಒಂದರ ಬಲಹೀನ ಡಿಸ್ಕಿನ ಮೇಲೆ ಹಿಂದೊಮ್ಮೆ ಅದನ್ನು ರಾತ್ರಿಯಿಡೀ ಓಡಿಸಿ, ಬೆಳಗಾಗುವಷ್ಟರಲ್ಲಿ ಡಿಸ್ಕನ್ನು ಓದುವ ಹೆಡ್ ಟಕಟಕ ಬಡಿಯತೊಡಗಿ, ಒಂದು ಮದುವೆಯ ಚಿತ್ರಗಳನ್ನೆಲ್ಲ ಕಳೆದಿದ್ದೇನೆ. ಮಜೂರಿಯನ್ನು ಹಿಂದಿರುಗಿಸಿದೆ, ಚಿತ್ರಗಳನ್ನು ಹಿಂದಿರುಗಿಸಲಾಗಲಿಲ್ಲ. ಆದ್ದರಿಂದ ಈಗ ನಕಲು ತೆಗೆಯುವ ಮೊದಲು ಡಿಸ್ಕಿಗೆ ಏನನ್ನೂ ಬರೆಯಲು ಬಿಡುವುದಿಲ್ಲ.

ಕಂಪ್ಯೂಟರ್ ಇದ್ದದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಇಡ್ಲಿಯ ಹಬೆ ಏರಿಬರುವ ಜಾಗದಲ್ಲಿ. ಡಿಸ್ಕಿನ ಉಷ್ಣತೆ 52 ಡಿಗ್ರಿ ಮುಟ್ಟಿತ್ತು. ಟೇಬಲ್ ಫ್ಯಾನ್ ಹಿಡಿದು 41ಕ್ಕೆ ಇಳಿಸಿದ ಮೇಲೆ ಓದುವಿಕೆ ಸ್ಪಷ್ಟವಾಗಿ ಸುಧಾರಿಸಿತು. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ಓದಿಸುವ ಹಳೆಯ ಉಪಾಯವನ್ನೂ ನಾನು ಒಂದು ಗುಜರಿ ಡಿಸ್ಕಿನ ಮೇಲೆ ಜುಲೈ ತಿಂಗಳಲ್ಲಿ ಪರೀಕ್ಷಿಸಿದ್ದೇನೆ: ಮುಂಬೈಯ ಮಳೆಗಾಲದ ಗಾಳಿಗೆ ಹೊರತೆಗೆದೊಡನೆ ಅದರ ಮೇಲೆ ನೀರು ಕಟ್ಟಿ, ಹತ್ತು ನಿಮಿಷ ಓದಿ, ಶಾಶ್ವತವಾಗಿ ನಿಂತುಹೋಯಿತು.

ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಪೆನ್‌ಡ್ರೈವಿನಿಂದ ಲಿನಕ್ಸ್ ಏರಿಸಿ, ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದ ಮೂಲಕ 500 ಜಿಬಿಯನ್ನು ಹೊಸ ಎಸ್‌ಎಸ್‌ಡಿಗೆ ನಕಲಿಸತೊಡಗಿದೆ. ಹನ್ನೊಂದರ ಸುಮಾರಿಗೆ ಹುಡುಗನೊಬ್ಬ ಅಭ್ಯಾಸದಂತೆ ಮೇನ್ ಸ್ವಿಚ್ ಆರಿಸಿಬಿಟ್ಟ; ಎಷ್ಟು ನಕಲಾಗಿದೆ ಎಂಬುದನ್ನು ಬರೆದಿಡುವ ಮ್ಯಾಪ್ ಫೈಲನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟಿದ್ದರಿಂದ ನಿಂತಲ್ಲಿಂದಲೇ ಮುಂದುವರಿಸಲು ಸಾಧ್ಯವಾಯಿತು. ಮೊದಲ ಸುತ್ತಿನಲ್ಲಿ 140 ಎಂಬಿಯಷ್ಟು ಬಾಕಿ ಉಳಿದಿತ್ತು, ಕೊನೆಗೆ ಉಳಿದದ್ದು 60 ಕೆಬಿ ಮಾತ್ರ. ಆ ಕೊನೆಯ ಸುತ್ತುಗಳನ್ನು ಯಾವ ದಿಕ್ಕಿನಿಂದ, ಎಷ್ಟು ವಿಶ್ರಾಂತಿ ಕೊಟ್ಟು ಓದಿಸುತ್ತೇನೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದು ನನ್ನ ಹೊಟ್ಟೆಪಾಡು. ಟ್ಯಾಲಿಯ ಲೆಕ್ಕಗಳೆಲ್ಲ ಸರಿಯಾಗಿ ತೆರೆದುಕೊಂಡವು. ಎಸ್‌ಎಸ್‌ಡಿ, ಕೇಬಲ್ ಮತ್ತು ನನ್ನ ಮಜೂರಿ ಸೇರಿ ಐದು ಸಾವಿರದೊಳಗೆ ಮುಗಿಯಿತು. ಡೇಟಾ ರಿಕವರಿಯವರು ಇದಕ್ಕೇ ಹದಿನೆಂಟು ಸಾವಿರ ಕೇಳಿದ್ದರು. ಕಂಪ್ಯೂಟರನ್ನು ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಇಳಿಸಿ ಎಂಟು ತಿಂಗಳಾಯಿತು, ಒಂದು ಸಲವೂ ನಿಂತಿಲ್ಲ.

ಹಳೆಯ ಡಿಸ್ಕನ್ನು ಕುತೂಹಲಕ್ಕಾಗಿ ಪೂರ್ತಿ ಸೊನ್ನೆಗಳಿಂದ ತುಂಬಿಸಿದೆ. 197 ಸೊನ್ನೆಗೆ ಇಳಿಯಿತು, 5 ಮಾತ್ರ ಸ್ವಲ್ಪ ಏರಿತು. ಇದು ಗುಣವಾಗಿದೆ, ಸಿಸಿಟಿವಿಗೆ ಹಾಕೋಣ ಎಂದು ಮೊದಲಿನ ಇಬ್ಬರಲ್ಲಿ ಒಬ್ಬರು ಕೇಳಿದರು. ನಾನು ಕೊಡದೆ, ಮನೆಯಲ್ಲೇ ಓಡಿಸುತ್ತಾ ಇಟ್ಟೆ. ಮೂರು ವಾರ ಕಳೆಯುವಷ್ಟರಲ್ಲಿ 197 ಮತ್ತೆ 16 ತೋರಿಸಿತು.