ಒಂದೇ ಹಾಡು, ನಲವತ್ತೊಂದು ರಾತ್ರಿಗಳು: ‘ಡಾರ್ಕ್ ಸ್ಟಾರ್’ ಅಳೆದ ನನ್ನ ಅನುಭವ

ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ ನುಡಿಸಿದ ‘ಡಾರ್ಕ್ ಸ್ಟಾರ್’ ಹಾಡಿನ, ಒಂದೇ ರಾತ್ರಿಯ ಎರಡು ಟೇಪ್‌ಗಳು ನನ್ನ ಬಳಿ ಇದ್ದವು. ಒಂದು ವೇದಿಕೆಯ ಧ್ವನಿಯನ್ನು ನಿಯಂತ್ರಿಸುವ ಸೌಂಡ್‌ಬೋರ್ಡಿನಿಂದ ನೇರವಾಗಿ ಬಂದದ್ದು, ಇನ್ನೊಂದು ಸಭಿಕರ ನಡುವೆ ಕುಳಿತವರು ಮಾಡಿಕೊಂಡದ್ದು. ಹಾಡಿನ ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಅಳೆದಾಗ ಎರಡರ ನಡುವೆ ಮೂವತ್ತೆಂಟು ಸೆಕೆಂಡುಗಳ ಅಂತರವಿತ್ತು. ಟೇಪಿನ ವೇಗದ ದೋಷವನ್ನು ನನ್ನ ವಿಧಾನದಲ್ಲಿ ಸರಿಪಡಿಸಿದ ಮೇಲೆ ಅದು ಎರಡು ಸೆಕೆಂಡಿಗಿಂತ ಕೆಳಗಿಳಿಯಿತು. ಮೂರೂವರೆ ವರ್ಷ “ಇದೆಲ್ಲ ಆಗುವ ಕೆಲಸವಲ್ಲ, ಹಳೆಯ ಟೇಪ್‌ಗಳನ್ನು ನಂಬಿ ಲೆಕ್ಕ ಹಾಕಬೇಡ” ಎನ್ನುತ್ತಿದ್ದ ಇಬ್ಬರು ಹಿರಿಯ ಸಂಗ್ರಾಹಕರಿಗೆ ಆ ಎರಡು ಫೈಲುಗಳನ್ನು ಎಡಗಿವಿಗೊಂದು ಬಲಗಿವಿಗೊಂದು ಬರುವಂತೆ ಜೋಡಿಸಿ ಕಳುಹಿಸಿದೆ. ಅವರಲ್ಲಿ ಒಬ್ಬರು ಮರುದಿನವೇ ತಮ್ಮ ಬಳಿಯಿದ್ದ ಹನ್ನೊಂದು ಪ್ರದರ್ಶನಗಳ ಪ್ರತಿಗಳನ್ನು ಕಳುಹಿಸಿಕೊಟ್ಟರು. ಆದ್ದರಿಂದ ಈ ಬರಹ.

ಗ್ರೇಟ್‌ಫುಲ್ ಡೆಡ್ ವಾದ್ಯವೃಂದ ‘ಡಾರ್ಕ್ ಸ್ಟಾರ್’ ಹಾಡನ್ನು 1968ರಲ್ಲಿ ಸಣ್ಣ ಸಿಂಗಲ್ ಆಗಿ ಹೊರತಂದಾಗ ಅದರ ಉದ್ದ ಮೂರು ನಿಮಿಷವೂ ಇರಲಿಲ್ಲ. ಅದೇ ಹಾಡು 1972ರ ಮೇ 11ರಂದು ರಾಟರ್‌ಡ್ಯಾಮ್‌ನಲ್ಲಿ, ನಡುವಿನ ಡ್ರಮ್ಸ್ ಭಾಗವೂ ಸೇರಿ, ಮುಕ್ಕಾಲು ಗಂಟೆ ದಾಟಿತು. ಇನ್ನೂರಕ್ಕೂ ಹೆಚ್ಚು ಬಾರಿ ನುಡಿಸಿದ ಈ ಹಾಡಿನ ಬಗ್ಗೆ ನಮ್ಮ ವಲಯದಲ್ಲಿ ನಡೆಯುವ ವಾದಗಳೆಲ್ಲ ನಿಮಿಷಗಳ ಮೇಲೆ ನಿಂತಿರುತ್ತವೆ: ಯಾವುದು ಉದ್ದ, ಯಾವುದು ವೇಗ, ಯಾವುದರಲ್ಲಿ ಮೊದಲ ಚರಣ ತಡವಾಗಿ ಬಂತು. ಆ ನಿಮಿಷಗಳು ಗಡಿಯಾರದವಲ್ಲ, ಟೇಪಿನವು ಎಂಬುದನ್ನು ಒಪ್ಪಿಕೊಳ್ಳದೆ ಮಾಡಿದ ಹೋಲಿಕೆಗಳಲ್ಲಿ ನನಗೆ ನಂಬಿಕೆ ಉಳಿದಿಲ್ಲ.

ನಾನೂ ಮೊದಲು ಹಾಗೆಯೇ ಮಾಡಿದೆ. ಇಪ್ಪತ್ತೆರಡು ಪ್ರದರ್ಶನಗಳ ಉದ್ದ, ಚರಣ ಬರುವ ಸಮಯ, ಮೂಲ ಧಾಟಿ ಮರಳುವ ಸಮಯಗಳನ್ನು ಬರೆದುಕೊಂಡು ನಕ್ಷೆ ಹಾಕಿದೆ. ನಕ್ಷೆ ಅಂದವಾಗಿತ್ತು, ಆದರೆ ಸುಳ್ಳು ಹೇಳುತ್ತಿತ್ತು. ಶೇಕಡಾ ಮೂರರಷ್ಟು ವೇಗವಾಗಿ ಓಡುವ ಟೇಪಿನಲ್ಲಿ ಮೂವತ್ತು ನಿಮಿಷದ ಹಾಡು ಐವತ್ತಕ್ಕೂ ಹೆಚ್ಚು ಸೆಕೆಂಡುಗಳನ್ನು ಕಳೆದುಕೊಳ್ಳುತ್ತದೆ, ಶ್ರುತಿ ಅರ್ಧ ಸ್ವರದಂತರದ ಅರ್ಧದಷ್ಟು ಏರುತ್ತದೆ. 1970ರ ಒಂದು ಆಡಿಯನ್ಸ್ ಟೇಪನ್ನು ಕೇಳಿ “ಆ ರಾತ್ರಿ ಇವರು ಎಷ್ಟು ಚುರುಕಾಗಿದ್ದರು” ಎಂದು ನಾನೇ ಹಲವರಿಗೆ ಹೇಳಿದ್ದೆ. ಚುರುಕಾಗಿದ್ದುದು ಯಾರೋ ಪ್ರತಿ ಮಾಡಿದ ಟೇಪ್ ಡೆಕ್‌ನ ಮೋಟರ್.

ಎರಡನೆಯ ಪ್ರಯತ್ನ ಶ್ರುತಿಯದು. ಪಾಶ್ಚಾತ್ಯ ಸಂಗೀತದಲ್ಲಿ ಶ್ರುತಿಯ ಅಳತೆಯಾದ ಎ ಸ್ವರವನ್ನು 440 ಹರ್ಟ್ಸ್‌ಗೆ ಎಳೆದು ಕೂರಿಸಿದರೆ ವೇಗವೂ ಸರಿಹೋಗುತ್ತದೆ ಎಂಬುದು ಎಲ್ಲರೂ ಕೊಡುವ ಸಲಹೆ. ನಾನು ಎಂಟು ತಿಂಗಳು ಇದರ ಮೇಲೆ ಕಳೆದೆ. ಆ ಕಾಲದ ಗಿಟಾರ್‌ಗಳು ಒಂದಕ್ಕೊಂದು ಹೊಂದಿಕೊಂಡು ಶ್ರುತಿಗೊಳ್ಳುತ್ತಿದ್ದವೇ ಹೊರತು ಪ್ರತಿ ರಾತ್ರಿಯೂ 440ರ ಎದುರು ತಲೆಬಾಗುತ್ತಿರಲಿಲ್ಲ. 1972ರ ಆಗಸ್ಟ್ 27ರ ಆರಿಗನ್ನಿನ ವೆನೆಟಾ ಪ್ರದರ್ಶನವನ್ನೇ ತೆಗೆದುಕೊಳ್ಳಿ. ಬಯಲಿನಲ್ಲಿ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ಮೀರಿದ್ದ ಆ ದಿನ ವಾದ್ಯಗಳು ಶ್ರುತಿ ತಪ್ಪುತ್ತಲೇ ಇದ್ದವು. ಅಂಥ ದಿನದ ಗಿಟಾರ್ ತಂತಿಯನ್ನು ಅಳತೆಗೋಲಾಗಿ ಹಿಡಿದು ಟೇಪಿನ ವೇಗವನ್ನು ತಿದ್ದಿದರೆ ಬಿಸಿಲಿನ ದೋಷವನ್ನು ಮೋಟರಿನ ತಲೆಗೆ ಕಟ್ಟಿದಂತಾಗುತ್ತದೆ. ಎಂಟು ತಿಂಗಳ ಕೋಷ್ಟಕವನ್ನು ಅಳಿಸಿಹಾಕಿದ ದಿನ ನಾನು ಈ ಕೆಲಸವನ್ನೇ ಬಿಡುವ ಯೋಚನೆಯಲ್ಲಿದ್ದೆ.

ದಾರಿ ತೋರಿಸಿದ್ದು ನಾವು ಸದಾ ಅಳಿಸಲು ನೋಡುವ ಕಸವೇ, ಅಂದರೆ ವಿದ್ಯುತ್ತಿನ ಗುಂಯ್‌ಗುಡುವಿಕೆ. ವೇದಿಕೆಯ ಆಂಪ್ಲಿಫೈಯರ್‌ಗಳ ಹಮ್ ಅಮೆರಿಕದಲ್ಲಿ 60 ಹರ್ಟ್ಸ್‌ನ ಗುಣಕಗಳಲ್ಲಿ ಕೂರುತ್ತದೆ. ಕಲಾವಿದರ ಮನಸ್ಥಿತಿಯಾಗಲಿ ಬಿಸಿಲಾಗಲಿ ಅದನ್ನು ಕದಲಿಸುವುದಿಲ್ಲ. ಗ್ರಿಡ್ಡಿನ ಏರಿಳಿತ ನಮ್ಮ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಟೇಪಿನಲ್ಲಿ ಅದು ಎಷ್ಟು ಸರಿದಿದೆಯೋ ಟೇಪಿನ ವೇಗ ಅಷ್ಟು ತಪ್ಪಿದೆ ಎಂದರ್ಥ. ಧ್ವನಿಯನ್ನು ಪರದೆಯ ಮೇಲೆ ಚಿತ್ರವಾಗಿ ನೋಡಿದರೆ ಹಮ್ ಒಂದು ಗೆರೆಯಾಗಿ ಕಾಣುತ್ತದೆ. 60ರ ಗೆರೆ ಬಾಸ್ ಗಿಟಾರಿನಲ್ಲಿ ಮುಳುಗಿಹೋಗುವುದರಿಂದ ನಾನು 120 ಮತ್ತು 180ರ ಸುತ್ತ ಹುಡುಕುತ್ತೇನೆ. ಹಾಡು ಶುರುವಾಗುವ ಮೊದಲಿನ ಶ್ರುತಿ ಕೂಡಿಸುವ ಹೊತ್ತು ಇದಕ್ಕೆ ಬಂಗಾರದಂಥದ್ದು. ಬಹಳ ಜನ ಆ ಭಾಗವನ್ನು ಕತ್ತರಿಸಿ ಎಸೆದು ಪ್ರತಿ ಹಂಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಧ್ವನಿಯನ್ನು ಚಿತ್ರವಾಗಿ ತೋರಿಸುವ ಸೋನಿಕ್ ವಿಶುವಲೈಸರ್ ತಂತ್ರಾಂಶದಲ್ಲಿ, ಒಮ್ಮೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಧ್ವನಿಯ ತುಂಡನ್ನು (ವಿಂಡೋ) ಅತಿ ಉದ್ದಕ್ಕೆ ಎಳೆದು, 110ರಿಂದ 130 ಹರ್ಟ್ಸ್‌ವರೆಗಿನ ಪಟ್ಟಿಯನ್ನಷ್ಟೇ ಪರದೆಯ ತುಂಬ ಹಿಗ್ಗಿಸಿ ನೋಡಿದಾಗ, ಹಾಡಿನ ಬಣ್ಣಗಳೆಲ್ಲ ಮಂಜಿನಂತೆ ಹರಡಿಕೊಂಡು, ನಡುವೆ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಎಡದಿಂದ ಬಲಕ್ಕೆ ಸಾಗುವುದು ಕಾಣುತ್ತದೆ. ಅದು ನೇರವಾಗಿರುವುದಿಲ್ಲ. ನಾನು ಮೊದಲು ಕಂಡ ಗೆರೆ 122ರ ಹತ್ತಿರ ಆರಂಭವಾಗಿ, ನಿಧಾನವಾಗಿ ಮೇಲೇರಿ, ಇಪ್ಪತ್ತೊಂದನೆಯ ನಿಮಿಷದ ಬಳಿ ಒಮ್ಮೆಲೇ 119ಕ್ಕೆ ಬಿದ್ದು, ಅಲ್ಲಿಂದ ಬೇರೆಯದೇ ಬಾಗಿನಲ್ಲಿ ಮುಂದುವರಿದಿತ್ತು. ಟೇಪಿನ ಮಗ್ಗುಲು ತಿರುವಿದ ಜಾಗ ಅದು. ತಪ್ಪಿಹೋದ ಅರ್ಧ ನಿಮಿಷಕ್ಕೆ ಯಾರೋ ಬೇರೊಂದು ಪ್ರತಿಯಿಂದ ತೇಪೆ ಹಾಕಿದ್ದರು. ಕಿವಿಗೆ ಆ ತೇಪೆ ಹತ್ತು ವರ್ಷಗಳಿಂದ ಗೊತ್ತಾಗಿರಲಿಲ್ಲ.

ಇಲ್ಲೊಂದು ತೊಡಕಿದೆ. ಪ್ರತಿ ಮಾಡುವಾಗಲೆಲ್ಲ ಹೊಸ ಡೆಕ್ ತನ್ನದೇ ಹಮ್ ಸೇರಿಸುತ್ತದೆ. ನಾಲ್ಕನೆಯ ಜನರೇಷನ್ನಿನ, ಅಂದರೆ ಪ್ರತಿಯಿಂದ ಪ್ರತಿ ಮಾಡುತ್ತ ನಾಲ್ಕನೆಯ ತಲೆಮಾರಿಗೆ ಬಂದ ಕ್ಯಾಸೆಟ್ಟಿನಲ್ಲಿ ಮೂರು ನಾಲ್ಕು ಗೆರೆಗಳು ಒಂದರ ಪಕ್ಕ ಒಂದು ಓಡುತ್ತವೆ. ಅವುಗಳಲ್ಲಿ ಒಂದು ಮಾತ್ರ ವೇದಿಕೆಯದು. ಆ ಒಂದನ್ನು ನಾನು ಹೇಗೆ ಆರಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಗೆರೆಗಳು ಎಲ್ಲಿ ಒಟ್ಟಿಗೆ ಬಾಗುತ್ತವೆ, ಎಲ್ಲಿ ಒಂದು ಮಾತ್ರ ಬಾಗುತ್ತದೆ ಎಂದು ತಾಳ್ಮೆಯಿಂದ ನೋಡಿದವರಿಗೆ ಹೊಳೆಯುತ್ತದೆ, ಇಷ್ಟು ಹೇಳಬಲ್ಲೆ.

ಯುರೋಪಿನ ಟೇಪ್‌ಗಳು ನನ್ನ ಎರಡು ವಾರ ತಿಂದವು. 1972ರ ಏಪ್ರಿಲ್–ಮೇ ತಿಂಗಳ ಪ್ರವಾಸದ ಪ್ರತಿಗಳನ್ನು ಅದೇ ಲೆಕ್ಕಕ್ಕೆ ಕೊಟ್ಟಾಗ ಎಲ್ಲವೂ ಹುಚ್ಚುಚ್ಚಾಗಿ ಬಂದವು. ಅಲ್ಲಿನ ವಿದ್ಯುತ್ತು ನಮ್ಮಲ್ಲಿರುವಂತೆಯೇ 50 ಹರ್ಟ್ಸ್, ಆದ್ದರಿಂದ ಹುಡುಕಬೇಕಾದದ್ದು 100 ಮತ್ತು 150. ಅದಾದ ಮೇಲೂ ಗೊಂದಲ ಮುಗಿಯಲಿಲ್ಲ, ಏಕೆಂದರೆ ಯುರೋಪಿನಲ್ಲಿ ಮುದ್ರಿತವಾಗಿ ಅಮೆರಿಕದಲ್ಲಿ ಪ್ರತಿಯಾದ ಟೇಪಿನಲ್ಲಿ ಎರಡೂ ಕುಟುಂಬದ ಗೆರೆಗಳಿರುತ್ತವೆ. ಆದರೆ ಒಮ್ಮೆ ಅರ್ಥವಾದ ಮೇಲೆ ಇವೇ ಅತ್ಯಂತ ಸುಲಭದ ಟೇಪ್‌ಗಳಾದವು. ಯಾವುದು ವೇದಿಕೆಯದು, ಯಾವುದು ಪ್ರತಿ ಮಾಡಿದವರ ಮನೆಯದು ಎಂದು ತಾವಾಗಿಯೇ ಹೇಳುತ್ತವೆ.

ವೇಗ ಸರಿಯಾದ ಮೇಲೆ ತಾಳದ ಪೆಟ್ಟುಗಳ ಎಣಿಕೆ. ಆ ಪೆಟ್ಟುಗಳನ್ನು ತಾವೇ ಗುರುತಿಸುವ ಬೀಟ್ ಟ್ರ್ಯಾಕರ್ ತಂತ್ರಾಂಶಗಳನ್ನು ಮೂರು ಬಗೆಯಲ್ಲಿ ಪ್ರಯತ್ನಿಸಿ ಕೈಬಿಟ್ಟೆ. 1969ರ ಫೆಬ್ರವರಿ 27ರ, ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್ ಸಭಾಂಗಣದ ಪ್ರದರ್ಶನ, ಅದೇ ವರ್ಷದ ಲೈವ್ ಆಲ್ಬಮ್ಮಿನಲ್ಲಿ ಬಂದ ಇಪ್ಪತ್ಮೂರು ನಿಮಿಷದ ಆ ರೂಪ, ಆರಂಭದಲ್ಲಿ ಡ್ರಮ್ಸ್ ಎಂಬುದನ್ನೇ ಹೆಚ್ಚು ಮುಟ್ಟುವುದಿಲ್ಲ. ಗೀರುಗಳಿರುವ ಸೋರೆಬುರುಡೆಯನ್ನು ಕಡ್ಡಿಯಿಂದ ಕೆರೆದಂಥ ಗ್ವಿರೋ ಸದ್ದು ಮಾತ್ರ ಲಯವನ್ನು ಹಿಡಿದಿರುತ್ತದೆ. ಯಂತ್ರ ಅದನ್ನು ಒಮ್ಮೆ ದುಪ್ಪಟ್ಟು ವೇಗವೆಂದೂ ಒಮ್ಮೆ ಅರ್ಧ ವೇಗವೆಂದೂ ಓದಿತು. ಡೆಮುಕ್ಸ್ ಎಂಬ ತಂತ್ರಾಂಶದಿಂದ ವಾದ್ಯಗಳನ್ನು ಬೇರ್ಪಡಿಸಿ ನೋಡಿದೆ: ಫಿಲ್ ಲೆಷ್ ಅವರ ಬಾಸ್ ಮೇಲಿನ ಸ್ವರಗಳಿಗೆ ಏರಿದಾಗಲೆಲ್ಲ ಅದರ ಅರ್ಧ ಗಿಟಾರಿನ ಪಾಲಾಗುತ್ತಿತ್ತು, ಫೀಡ್‌ಬ್ಯಾಕ್ ಹಾಡುಗಾರಿಕೆಯ ಪಾಲಾಗುತ್ತಿತ್ತು. ಕೊನೆಗೆ ಚಿಕ್ಕಂದಿನಲ್ಲಿ ಆರು ವರ್ಷ ಕಲಿತ ಮೃದಂಗ ನೆರವಿಗೆ ಬಂತು. ಬೆರಳ ಮೇಲೆ ಎಣಿಸಿ ತಾಳ ಹಾಕುತ್ತ ಇನ್ನೊಂದು ಕೈಯಿಂದ ಕೀಲಿ ಒತ್ತುತ್ತೇನೆ. ಪ್ರತಿ ಪ್ರದರ್ಶನವನ್ನೂ ಮೂರು ಬೇರೆ ದಿನಗಳಲ್ಲಿ ಎಣಿಸಿ, ಒಂಟಿಯಾಗಿ ದೂರ ನಿಂತ ಎಣಿಕೆಯನ್ನು ಬಿಡುತ್ತೇನೆ. ಲಯವೇ ಕರಗಿಹೋಗುವ ಭಾಗಗಳಲ್ಲಿ ಎಣಿಸುವುದಿಲ್ಲ, ಅಲ್ಲಿ ಸೆಕೆಂಡುಗಳಷ್ಟೇ. ನಲವತ್ತೊಂದು ಪ್ರದರ್ಶನಗಳಿಗೆ ಸುಮಾರು ಇನ್ನೂರ ಎಂಬತ್ತು ಗಂಟೆ ಹಿಡಿದಿರಬೇಕು. ಇಷ್ಟು ನಿಷ್ಠೆಯಿಂದ ಈ ಹಾಡನ್ನು ಕೈಯಲ್ಲಿ ಎಣಿಸಿದವರು ಬೇರೆ ಯಾರನ್ನೂ ನಾನು ಕಂಡಿಲ್ಲ.

ಹಣದ ಮಾತು. ಡೆಡ್ ತಂಡ ತನ್ನ ಪ್ರದರ್ಶನಗಳನ್ನು ಮುದ್ರಿಸಿಕೊಳ್ಳಲು ಅಭಿಮಾನಿಗಳಿಗೆ ಬಿಟ್ಟಿತ್ತು, 1984ರ ಶರತ್ಕಾಲದಿಂದ ಅವರಿಗೆ ಪ್ರತ್ಯೇಕ ಜಾಗವನ್ನೂ ಕೊಟ್ಟಿತು. ಮಾರಾಟ ಮಾತ್ರ ನಿಷಿದ್ಧ. ಹಾಗಾಗಿ ಟೇಪ್‌ಗಳಿಗೆ ಒಂದು ರೂಪಾಯಿಯೂ ಹೋಗಿಲ್ಲ. ಅಧಿಕೃತ ಸಿಡಿಗಳಿಗೆ ಸುಂಕವೂ ಸೇರಿ ಇಪ್ಪತ್ತೆರಡು ಸಾವಿರ, ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹದಿನೆಂಟು, ಹೆಡ್‌ಫೋನ್‌ಗೆ ಹನ್ನೊಂದು, ಆಡಿಯೊ ಇಂಟರ್‌ಫೇಸ್‌ಗೆ ಒಂಬತ್ತೂವರೆ ಆಗಿರಬೇಕು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದಿ ಮೈಸೂರಿಗೆ ಮರಳಿದ ಪರಿಚಿತರೊಬ್ಬರು ಎರಡು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ ಕೊಟ್ಟಾಗ ಹದಿನಾಲ್ಕು ಸಾವಿರಕ್ಕೆ ಹಳೆಯ ಡೆಕ್ ಕೊಂಡೆ. ಬೆಲ್ಟ್ ಬದಲಿಸಲು ಕೊಟ್ಟ ಅಂಗಡಿಯವರು ನಾಲ್ಕೂವರೆ ಸಾವಿರ ತೆಗೆದುಕೊಂಡು, ಟೇಪನ್ನು ಓದುವ ಹೆಡ್ಡಿನ ಕೋನವನ್ನೇ ಕೆಡಿಸಿ ಹಿಂದಿರುಗಿಸಿದರು. ಅದು ತಿಳಿಯುವ ಮೊದಲು ಒಂಬತ್ತು ಕ್ಯಾಸೆಟ್ಟುಗಳನ್ನು ಮಬ್ಬು ಮಬ್ಬಾಗಿ ಇಳಿಸಿಕೊಂಡಿದ್ದೆ. ಸಣ್ಣ ಸ್ಕ್ರೂಡ್ರೈವರ್ ಹಿಡಿದು, ಸಭಿಕರ ಚಪ್ಪಾಳೆ ಅತ್ಯಂತ ಗರಿಗರಿಯಾಗಿ ಕೇಳುವವರೆಗೆ ತಿರುಗಿಸಿ ನಾನೇ ಸರಿಮಾಡಿಕೊಂಡೆ. ಈಗ ಪ್ರತಿ ಕ್ಯಾಸೆಟ್ಟಿಗೂ ಹಾಗೆ ಮಾಡುತ್ತೇನೆ. ಒಟ್ಟು ಎಂಬತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಈ ಹಾಡಿನ ಮೂಲ ಧಾಟಿ ಎ ಮಿಕ್ಸೊಲಿಡಿಯನ್, ಅಂದರೆ ಸ್ವರಗಳ ಮಟ್ಟಿಗೆ ನಮ್ಮ 28ನೆಯ ಮೇಳ ಹರಿಕಾಂಭೋಜಿ. ವೀಣೆ ನುಡಿಸುವ ನನ್ನ ಸೋದರತ್ತೆಗೆ ಏನೂ ಹೇಳದೆ ಫಿಲ್‌ಮೋರ್ ವೆಸ್ಟ್ ರೂಪವನ್ನು ಕೇಳಿಸಿದೆ. ತಂಡದ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಕೈಶಿಕಿ ನಿಷಾದದ ಮೇಲೆ ನಿಂತಾಗಲೆಲ್ಲ ಅತ್ತೆಯ ಬೆರಳು ಮಂಚದ ಅಂಚಿನ ಮೇಲೆ ಆ ಸ್ವರವನ್ನು ಜಗ್ಗುತ್ತಿತ್ತು. ಹತ್ತನೆಯ ನಿಮಿಷದ ಬಳಿಕ “ಇವನು ಮನೆ ಬಿಟ್ಟು ಹೊರಟ” ಎಂದರು, ಮತ್ತೆ ಮೂಲ ಧಾಟಿ ಬಂದಾಗ ನನಗಿಂತ ಮೊದಲೇ ತಲೆಯಾಡಿಸಿದರು. ಆ ಬಳಿಕ ನಾನು ಕೋಷ್ಟಕದಲ್ಲಿ ಒಂದು ಹೊಸ ಅಂಕಣ ಸೇರಿಸಿದೆ: ಮೂಲ ಧಾಟಿಯ ಮೊದಲ ಸುಳಿವಿನಿಂದ ಎಲ್ಲರೂ ಬಂದು ಸೇರುವವರೆಗಿನ ಎಣಿಕೆ. ನನ್ನ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಅಂಕಣ ಅದೇ.

ಏಕೆಂದರೆ ಉದ್ದ ಹೇಳದ್ದನ್ನು ಅದು ಹೇಳುತ್ತದೆ. 1968ರ ಆಗಸ್ಟ್ 24ರಂದು ಲಾಸ್ ಏಂಜಲೀಸ್‌ನ ಷ್ರೈನ್ ಸಭಾಂಗಣದಲ್ಲಿ ನುಡಿಸಿದ ಹನ್ನೊಂದು ನಿಮಿಷದ ರೂಪ ನಿಜಕ್ಕೂ ಚುರುಕು; ವೇಗ ತಿದ್ದಿದ ಮೇಲೂ ಅದು ಹಾಗೆಯೇ ನಿಂತಿತು. ಆರೇ ತಿಂಗಳಲ್ಲಿ ಲಯ ನಿಧಾನವಾಗಿ, ಮೊದಲ ಚರಣ ಸುಮಾರು ಆರನೆಯ ನಿಮಿಷಕ್ಕೆ ಸರಿಯಿತು. 1972ರಲ್ಲಿ ಹಲವು ರಾತ್ರಿ ಹತ್ತು ನಿಮಿಷ ದಾಟಿದರೂ ಚರಣವಿಲ್ಲ. ಇದನ್ನು “ನಿಧಾನವಾದರು” ಎಂದು ಓದುವುದು ತಪ್ಪು. 1971ರ ಫೆಬ್ರವರಿಯಲ್ಲಿ ಮಿಕ್ಕಿ ಹಾರ್ಟ್ ತಂಡ ಬಿಟ್ಟು ಬಿಲ್ ಕ್ರಾಯ್ಟ್ಸ್‌ಮನ್ ಒಬ್ಬರೇ ಡ್ರಮ್ಸ್‌ನಲ್ಲಿ ಉಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೀತ್ ಗಾಡ್‌ಶಾ ಪಿಯಾನೋಗೆ ಬಂದರು. ಆ ನಂತರದ ರಾತ್ರಿಗಳಲ್ಲಿ, ಒಬ್ಬರು ದಿಕ್ಕು ಬದಲಿಸಿದಾಗ ಉಳಿದವರು ತಿರುಗಲು ತೆಗೆದುಕೊಳ್ಳುವ ಎಣಿಕೆ ನನ್ನ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಚರಣಕ್ಕೆ ಮೊದಲು ಅಷ್ಟು ದೂರ ಅಲೆದಾಡಿದ್ದು ಬೇಗ ಮರಳಬಲ್ಲೆವೆಂಬ ಧೈರ್ಯದಿಂದ ಎಂದು ನನಗೆ ಅನ್ನಿಸುತ್ತದೆ. ವೆನೆಟಾದಲ್ಲಿ ಅವರು ಆ ಬಿಸಿಲಿನಲ್ಲಿ ಅರ್ಧ ಗಂಟೆ ಅಲೆದು, ಒಂದು ಕೌಬಾಯ್ ಹಾಡಿನೊಳಗೆ ಜಾರಿಕೊಳ್ಳುವ ಕ್ಷಣವನ್ನು ಎಣಿಸಿ ನೋಡಿ.

1974ರ ಅಕ್ಟೋಬರಿನ ನಂತರ ತಂಡ ಪ್ರವಾಸ ನಿಲ್ಲಿಸಿ, ಮತ್ತೆ ಆರಂಭಿಸಿದ ಮೇಲೆ ಹಾಡು ಅಪರೂಪವಾಯಿತು. ಆ ವರ್ಷಗಳ ಬಗ್ಗೆ ನನ್ನ ಬಳಿ ಹೇಳುವಷ್ಟಿಲ್ಲ. 1989ರ ಅಕ್ಟೋಬರ್ 9ರಂದು ಹ್ಯಾಂಪ್ಟನ್‌ನಲ್ಲಿ ಅದು ಮರಳಿದಾಗ ಎದ್ದ ಸಭಿಕರ ಕೂಗು ಎಷ್ಟಿದೆಯೆಂದರೆ ಆರಂಭದ ಎಣಿಕೆ ಅದರಲ್ಲಿ ಕಳೆದುಹೋಗುತ್ತದೆ. ಮೊದಲ ಸ್ವರಗಳಿಗೆ ನಾನು ಹಾಕಿದ ಗುರುತು ಮೂರು ಸಲವೂ ಬೇರೆ ಬೇರೆ ಬಂತು. 1990ರ ಮಾರ್ಚ್ 29ರಂದು ನ್ಯೂಯಾರ್ಕ್ ರಾಜ್ಯದ ನಸ್ಸಾವ್ ಕೊಲಿಸಿಯಂನಲ್ಲಿ ಸ್ಯಾಕ್ಸೊಫೋನಿನ ಬ್ರಾನ್‌ಫರ್ಡ್ ಮಾರ್ಸಾಲಿಸ್ ಜೊತೆಗೂಡಿದ ರಾತ್ರಿ ಇನ್ನೊಂದು ಬಗೆಯ ಕಷ್ಟ: ಹಾಡು ಡ್ರಮ್ಸ್‌ಗೆ ಮೊದಲು ನಿಂತು, ಆಮೇಲೆ ಮತ್ತೆ ತಲೆಯೆತ್ತುತ್ತದೆ. ಅದನ್ನು ಒಂದೆಂದು ಅಳೆಯಬೇಕೋ ಎರಡೆಂದು ಅಳೆಯಬೇಕೋ ಎಂಬುದರ ಬಗ್ಗೆ ಆ ಹಿರಿಯ ಸಂಗ್ರಾಹಕರಿಗೂ ನನಗೂ ಇನ್ನೂ ಒಮ್ಮತವಿಲ್ಲ. ನಾನು ಒಂದೆಂದೇ ಅಳೆದಿದ್ದೇನೆ.

ಕೆನಡಾದ ಜಾನ್ ಆಸ್ವಾಲ್ಡ್ ನೂರಕ್ಕೂ ಹೆಚ್ಚು ‘ಡಾರ್ಕ್ ಸ್ಟಾರ್’ಗಳನ್ನು ಪದರ ಪದರವಾಗಿ ಹೆಣೆದು 1990ರ ದಶಕದಲ್ಲೇ ಒಂದು ಕೃತಿ ಮಾಡಿದ್ದಾರಲ್ಲ, ನಿನ್ನದೇನು ಹೊಸದು ಎಂದು ಕೇಳುವವರಿದ್ದಾರೆ. ಅವರು ರಾತ್ರಿಗಳನ್ನು ಬೆರೆಸಿ ಹೊಸ ಸಂಗೀತ ಮಾಡಿದರು. ನಾನು ಪ್ರತಿ ರಾತ್ರಿಯನ್ನೂ ಅದರದರ ಜಾಗದಲ್ಲಿ ಬೇರೆಯಾಗಿ ನಿಲ್ಲಿಸಲು ನೋಡುತ್ತಿದ್ದೇನೆ. ಈಗ ಮೇಜಿನ ಮೇಲಿರುವುದು 1973ರ ಡಿಸೆಂಬರ್ 6ರ ಕ್ಲೀವ್‌ಲ್ಯಾಂಡ್, ನಲವತ್ತು ನಿಮಿಷ ಮೀರಿದ್ದು. 120ರ ಗೆರೆ ಸಿಕ್ಕಿದೆ, ಎರಡು ಎಣಿಕೆಗಳು ಮುಗಿದಿವೆ, ಮೂರನೆಯದನ್ನು ಈ ಭಾನುವಾರ ಬೆಳಿಗ್ಗೆ ಮಾಡುತ್ತೇನೆ.