ಗಟ್ಟಿಯಾಗಿದ್ದ ಸ್ಲಾಟ್ ಕಾರಿನ ಫೋಮ್ ಟೈರ್ ಸರಿಹೋದ ಬಗೆ

ಎರಡು ವರ್ಷ ಡಬ್ಬದಲ್ಲಿದ್ದ 1/24 ಅಳತೆಯ ಸ್ಲಾಟ್ ಕಾರು (ಟ್ರ್ಯಾಕಿನ ಸೀಳು ಹಿಡಿದು ಓಡುವ ಪುಟ್ಟ ಎಲೆಕ್ಟ್ರಿಕ್ ಕಾರು) ಪ್ರತಿ ತಿರುವಿನಲ್ಲೂ ಹಿಂಭಾಗ ಜಾರಿಸುತ್ತಿತ್ತು. ಟೈರಿನ ಮೇಲ್ಮೈ ಹಪ್ಪಳದ ಹಾಗೆ ಗಟ್ಟಿ, ಕೂತಿದ್ದ ಕಡೆ ಚಪ್ಪಟೆ.

ಸೋಪು ನೀರಿನಿಂದ ಏನೂ ಆಗಲಿಲ್ಲ. ಲೈಟರ್ ಫ್ಲೂಯಿಡ್‌ನಿಂದ ಒರೆಸಿದರೆ ನಾಲ್ಕು ಸುತ್ತು ಹಿಡಿತ, ಆಮೇಲೆ ಅದೇ ಕಥೆ. ರಬ್ಬರ್ ಮೆತ್ತಗಾಗಿಸಲು ಬಳಸುವ ವಿಂಟರ್‌ಗ್ರೀನ್ ಎಂಬ ಗಿಡದ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿದ ಹಳೇ ಟೈರ್ ಊದಿಕೊಂಡು ರಿಮ್ಮಿನಿಂದ ಎದ್ದೇ ಬಂತು.

ಕೆಲಸ ಆಗಿದ್ದು ಮೇಲ್ಪದರ ತೆಗೆದಾಗ. ಗಾಜಿನ ಮೇಲೆ 150 ಗ್ರಿಟ್‌ನ (ತರಿತರಿಯಾದ) ಸ್ಯಾಂಡ್‌ಪೇಪರ್ ಅಂಟಿಸಿ, ಮೋಟರಿಗೆ 5 ವೋಲ್ಟ್ ಕೊಟ್ಟು, ಹಿಂದಿನ ಎರಡೂ ಟೈರ್ ಒಟ್ಟಿಗೆ ಹಗುರವಾಗಿ ತಾಗಿಸಿದೆ. ಒತ್ತಬೇಡಿ, ಫೋಮ್ ಕಿತ್ತು ಬರುತ್ತದೆ. ಹತ್ತು ಸೆಕೆಂಡು ತಾಗಿಸಿ, ಆರಲು ಬಿಟ್ಟು, ಮತ್ತೆ ತಾಗಿಸಿ. ಸುಮಾರು ಅರ್ಧ ಮಿ.ಮೀ. ಹೋದ ಮೇಲೆ ಹೊಳಪಿಲ್ಲದ, ಮೆತ್ತನೆಯ ಫೋಮ್ ಕಂಡಿತು. ಕೊನೆಗೆ ನಯವಾದ 400 ಗ್ರಿಟ್‌ನಲ್ಲಿ ಒಂದು ಕೈ. ಟೈರ್ ಸಣ್ಣದಾಗುತ್ತದಲ್ವಾ, ಗೇರ್ ಟ್ರ್ಯಾಕಿಗೆ ತಾಗುತ್ತದಾ ನೋಡಿಕೊಳ್ಳಿ.

ಈಗ ಚಾಸಿಯ ಕೆಳಗೆ ಮರದ ತುಂಡು ಕೊಟ್ಟು, ಟೈರ್ ನೆಲಕ್ಕೆ ತಾಗದಂತೆ ಎತ್ತಿಡುತ್ತೇನೆ.