ಮೊದಲು ಸಾರು ಯಾವುದೆಂದು ಕೇಳಿ: ಜಪಾನಿನ ನೂಡಲ್ಸ್, ಸುಶಿ ಅಂಗಡಿಗೆ ಹೊಸದಾಗಿ ಹೋಗುವವರಿಗೆ

ಭಾರತೀಯರು ಹೆಚ್ಚಾಗಿರುವ ಟೋಕಿಯೊದ ನಿಶಿ-ಕಸಾಯಿಯಲ್ಲಿ ಮನೆ ಹಿಡಿದವರಿಗೆ ಮನೆಯೂಟದ ಚಿಂತೆ ಅಷ್ಟಿಲ್ಲ. ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಹತ್ತಿರದಲ್ಲೇ ಸಿಗುತ್ತವೆ. ಕಷ್ಟ ಶುರುವಾಗುವುದು ಆಫೀಸಿನವರು "ಮಧ್ಯಾಹ್ನ ರಾಮೆನ್ ತಿನ್ನೋಣ ಬನ್ನಿ" ಅಂದಾಗ. ರಾಮೆನ್ ಅಂದರೆ ಬಿಸಿ ಸಾರಿನಲ್ಲಿ ಹಾಕಿಕೊಡುವ ನೂಡಲ್ಸ್. ಡಬ್ಬಿ ತಂದಿದ್ದೇನೆ ಅಂತ ಪ್ರತಿದಿನ ತಪ್ಪಿಸಿಕೊಳ್ಳುವವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಜನ ಮನಸ್ಸು ಬಿಚ್ಚಿ ಮಾತಾಡುವುದು ಜಾಸ್ತಿ ಊಟದ ಹೊತ್ತಿನಲ್ಲೇ.

ಹೋಗುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಮೀನಿನ ಸಾರು ನಿಮಗೆ ಆಗುತ್ತದೋ, ಇಲ್ಲವೋ? ಇಲ್ಲಿನ ಅಡುಗೆಯ ಬುಡದಲ್ಲೇ ದಾಶಿ ಇದೆ. ಕತ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಮರದ ಹೊಟ್ಟಿನ ಹಾಗೆ ತೆಳ್ಳಗೆ ಹೆರೆದು, ಬಿಸಿನೀರಿಗೆ ಹಾಕಿ ಸೋಸಿದ ತಿಳಿಸಾರು ಅದು. ಕೊಂಬು ಎಂಬ ಕಡಲ ಪಾಚಿಯಿಂದಲೂ ದಾಶಿ ಮಾಡುತ್ತಾರೆ. ಆದರೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೀನು ಸೇರಿಯೇ ಇರುತ್ತದೆ. ಬಟ್ಟಲಲ್ಲಿ ಒಂದು ತುಂಡು ಮೀನೂ ಕಾಣುವುದಿಲ್ಲ, ಹಾಗಾಗಿ ನಮಗೆ ತಿಳಿಯುವುದೇ ಇಲ್ಲ. ನಾನು ಬಂದ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಬರೀ ಈರುಳ್ಳಿ ಸೊಪ್ಪು ತೇಲುವ ಉದೊನ್ ಎಂಬ ದಪ್ಪ ನೂಡಲ್ಸನ್ನು ತಿಂಗಳುಗಟ್ಟಲೆ ತಿಂದೆ. ವಿಷಯ ಗೊತ್ತಾದ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಗೊತ್ತಿಲ್ಲದೆ ತಿಂದೆ, ಹೋಗ್ಲಿ ಬಿಡು. ಇನ್ಮೇಲೆ ಕೇಳಿ ತಿನ್ನು" ಅಂದರು. ನಿಮಗೂ ಅದೇ ಹೇಳುತ್ತೇನೆ.

ಕೇಳುವಾಗ "ನಿಕು ನಾಶಿ", ಅಂದರೆ ಮಾಂಸ ಬೇಡ, ಅಂದರೆ ಸಾಲದು. ಇವರ ಲೆಕ್ಕದಲ್ಲಿ ಮೀನು ನಿಕು ಅಲ್ಲ. ಈ ಎರಡು ಮಾತು ಬಾಯಿಪಾಠ ಮಾಡಿ: "ನಿಕು ತೊ ಸಕಾನಾ ವಾ ತಾಬೆಮಾಸೆನ್. ಕತ್ಸುವೊ ದಾಶಿ ಮೊ ದಮೆ ದೆಸು." ಮಾಂಸ, ಮೀನು ತಿನ್ನುವುದಿಲ್ಲ, ಕತ್ಸುವೊ ಸಾರೂ ಆಗುವುದಿಲ್ಲ ಎಂದರ್ಥ. ಇಲ್ಲ ಅನ್ನಿಸಿಕೊಂಡರೆ ಬೇಜಾರು ಬೇಡ. ಕುದಿಸಿಟ್ಟ ಸಾರನ್ನು ಒಬ್ಬರಿಗಾಗಿ ಬದಲಿಸಲು ಅವರಿಗೂ ಆಗುವುದಿಲ್ಲ ಅಲ್ವಾ?

ಶುದ್ಧ ಸಸ್ಯಾಹಾರಿಗಳಿಗೆ ರಾಮೆನ್ ಎಲ್ಲಕ್ಕಿಂತ ಕಷ್ಟ. ತೊಂಕೊತ್ಸು ಅಂದರೆ ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಬಿಳಿ ಸಾರು. ಶೋಯು (ಸೋಯಾ ಸಾಸ್), ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಅನ್ನುವ ಹೆಸರು ಕೇಳಿದರೆ ಸೋಯಾ ಮಾತ್ರ ಅನ್ನಿಸುತ್ತದೆ. ಅವುಗಳ ಅಡಿಯಲ್ಲೂ ಸಾಮಾನ್ಯವಾಗಿ ಕೋಳಿ, ಹಂದಿ ಅಥವಾ ಮೀನಿನ ಸಾರು ಇರುತ್ತದೆ. ಸಮಾಧಾನದ ಸುದ್ದಿಯೂ ಇದೆ. ಟೋಕಿಯೊ ಸ್ಟೇಷನ್ನಿನ ಕೇಯೋ ಸ್ಟ್ರೀಟಿನಲ್ಲಿ ಟೀಸ್ ತಾನ್‌ತಾನ್ ಎಂಬ ಅಂಗಡಿ ಇದೆ. ಅಲ್ಲಿ ಎಲ್ಲವೂ ವೀಗನ್, ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಎಳ್ಳಿನ ಸಾರಿನ ಖಾರದ ರಾಮೆನ್ ನಮ್ಮ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ. ಅಂಗಡಿ ಇರುವುದು ಜೆಆರ್ ರೈಲಿನ ಟಿಕೆಟ್ ಗೇಟಿನ ಒಳಗೆ. ರೈಲು ಹತ್ತದಿದ್ದರೂ ಒಳಗೆ ಹೋಗಲು ಪ್ಲಾಟ್‌ಫಾರ್ಮ್ ಟಿಕೆಟ್ ಬೇಕು.

ರಾಮೆನ್ ಅಂಗಡಿಯ ಪದ್ಧತಿ ದರ್ಶಿನಿ ಕಂಡವರಿಗೆ ಹೊಸದಲ್ಲ. ಮೊದಲು ದುಡ್ಡು, ಆಮೇಲೆ ಊಟ. ಬಾಗಿಲ ಬಳಿಯ ಮೆಷಿನ್‌ಗೆ ದುಡ್ಡು ಹಾಕಿ, ಬಟನ್ ಒತ್ತಿ, ಬಂದ ಚೀಟಿಯನ್ನು ಕೌಂಟರ್ ಮೇಲಿಡಿ. ಏನೂ ಓದಲು ಬರದಿದ್ದರೆ ಮೇಲಿನ ಸಾಲಿನ ಎಡತುದಿಯ ಬಟನ್ ನೋಡಿ. ಸಾಮಾನ್ಯವಾಗಿ ಆ ಅಂಗಡಿಯ ಹೆಸರಾದ ತಿಂಡಿ ಅಲ್ಲೇ ಇರುತ್ತದೆ. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದವು. ಕೆಲವು ಹಳೇ ಮೆಷಿನ್‌ಗಳು ಅವನ್ನು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಒಂದಿಷ್ಟು ಚಿಲ್ಲರೆ ಇಟ್ಟುಕೊಳ್ಳಿ. ನೀರು ಪುಕ್ಕಟೆ, ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಒಂದು ಬಟ್ಟಲು ತಗೊಂಡು ಇಬ್ಬರು ಹಂಚಿಕೊಳ್ಳುವುದು ಬೇಡ, ಕೂತವರೆಲ್ಲ ಒಂದೊಂದು ತೆಗೆದುಕೊಳ್ಳಬೇಕು. ತಿಂದಾದ ಮೇಲೆ ಹರಟೆಗೆ ಕೂರಬೇಡಿ. ಹೊರಗೆ ಸಾಲು ನಿಂತಿರುತ್ತದೆ.

ಸೊರ್ ಎಂದು ಸದ್ದು ಮಾಡಿಕೊಂಡು ತಿನ್ನಲು ಸಂಕೋಚ ಬೇಡ. ಬಿಸಿ ನೂಡಲ್ಸ್ ಗಾಳಿಯ ಜೊತೆ ಬಾಯಿಗೆ ಹೋದರೆ ನಾಲಿಗೆ ಸುಡುವುದಿಲ್ಲ, ಘಮವೂ ಚೆನ್ನಾಗಿ ತಿಳಿಯುತ್ತದೆ. ಆದರೆ ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬೇಡಿ, ಅದು ಸತ್ತವರಿಗೆ ಎಡೆ ಇಡುವ ರೀತಿ. ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುಂಡು ದಾಟಿಸಲೂ ಬೇಡಿ. ಇಲ್ಲಿ ದಹನದ ನಂತರ ಅಸ್ಥಿಯನ್ನು ಕಡ್ಡಿಗಳಿಂದಲೇ ಎತ್ತುತ್ತಾರೆ, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಗೆಳೆಯರು ಅದನ್ನು ಕಂಡರೆ ಅವರ ಮುಖ ಬಾಡುತ್ತದೆ, ಬಾಯಿಬಿಟ್ಟು ಏನೂ ಹೇಳುವುದಿಲ್ಲ.

ಇನ್ನು ಸುಶಿ, ಅಂದರೆ ಹುಳಿ ಬೆರೆಸಿದ ಅನ್ನದ ಜೊತೆ ಮೀನು, ತರಕಾರಿ ಇಟ್ಟು ಅಥವಾ ಸುತ್ತಿ ಕೊಡುವ ತಿಂಡಿ. ಮನೆಯವರ ಜೊತೆ ಹೋಗಲು ಕೈತೆನ್-ಝುಶಿಯಷ್ಟು ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬೆಲ್ಟಿನ ಮೇಲೆ ತಟ್ಟೆಗಳು ಬರುವ ಈ ಪದ್ಧತಿ 1958ರಲ್ಲಿ ಒಸಾಕಾ ಕಡೆ ಶುರುವಾಯಿತು. ಯೊಶಿಯಾಕಿ ಶಿರಾಯಿಶಿ ಎಂಬವರಿಗೆ ಬಿಯರ್ ಕಾರ್ಖಾನೆಯ ಬೆಲ್ಟ್ ನೋಡಿ ಇದು ಹೊಳೆಯಿತಂತೆ. ಈಗ ಜಾಸ್ತಿ ಕಡೆ ಪರದೆಯಲ್ಲಿ ಆರ್ಡರ್ ಮಾಡಬೇಕು. ಭಾಷೆ ಬದಲಿಸಿ ಫೋಟೊ ನೋಡಿ ಒತ್ತಿದರೆ ಸಾಕು. ಬೆಲ್ಟಿನಿಂದ ತೆಗೆದ ತಟ್ಟೆಯನ್ನು ತಿರುಗಿ ಇಡಬಾರದು. ಎಂಜಲಿನ ಲೆಕ್ಕ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟಿದ್ದರೆ ಇದನ್ನು ಬೇರೆ ಕಲಿಸಬೇಕಿಲ್ಲ. ಮೇಜಿನ ಪಕ್ಕದ ಕರಿ ಬಟನ್ನಿನ ನಲ್ಲಿಯಲ್ಲಿ ಬರುವುದು ಹಸಿರು ಚಹಾ ಪುಡಿಗೆ ಹಾಕುವ ಕುದಿನೀರು. ಕೈ ತೊಳೆಯಲು ಹೋಗಿ ಬೊಬ್ಬೆ ಬಂದೀತು. ಚಿಕ್ಕವರನ್ನು ಆ ಕಡೆ ಕೂರಿಸಬೇಡಿ.

ಸಸ್ಯಾಹಾರಿಗಳಿಗೆ ಸೌತೆಕಾಯಿಯನ್ನು ಅನ್ನ, ಕಡಲ ಪಾಚಿಯಲ್ಲಿ ಸುತ್ತಿದ ಕಪ್ಪಾ ಮಾಕಿ ನಂಬಿಕೆಯದ್ದು. ಮೂಲಂಗಿ ಉಪ್ಪಿನಕಾಯಿ, ಆವಕಾಡೊ ಸುತ್ತಿದ್ದೂ ಸಿಗಬಹುದು. ಸಿಹಿ ತೋಫು ಚೀಲಕ್ಕೆ ಅನ್ನ ತುಂಬಿದ ಇನಾರಿ ನೋಡಲು ನಮ್ಮದೇ ಅನ್ನಿಸುತ್ತದೆ, ಆದರೆ ಆ ಚೀಲವನ್ನು ಬೇಯಿಸುವುದು ಸಾಮಾನ್ಯವಾಗಿ ದಾಶಿಯಲ್ಲಿ. ಮೊಟ್ಟೆಯ ತಮಾಗೊ ಕೂಡ ಹಾಗೆಯೇ. ಮೇಜಿನ ಸೋಯಾ ಸಾಸಿಗೂ ಕೆಲವು ಕಡೆ ದಾಶಿ ಬೆರೆಸಿರುತ್ತಾರೆ. ನಾನು ಪುಟ್ಟ ಬಾಟಲಿಯಲ್ಲಿ ಬರೀ ಸೋಯಾ ಸಾಸ್ ಇಟ್ಟುಕೊಂಡಿರುತ್ತೇನೆ, ಕೇಳಿದರೆ ಬೇಡ ಅಂದವರಿಲ್ಲ.

ಅಪ್ಪ ಅಮ್ಮ ಊರಿಂದ ಬಂದಾಗ ಶನಿವಾರ ರಾತ್ರಿ ಕರೆದುಕೊಂಡು ಹೋಗಬೇಡಿ, ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ವಾರದ ದಿನ ಸಂಜೆ 5ಕ್ಕೇ ಹೋಗಿ, ಮೇಜಿನ ಜಾಗ ಕೇಳಿ. ಬೆಲ್ಟಿನ ಪಕ್ಕ ಅಮ್ಮನನ್ನು ಕೂರಿಸಿ. ತಟ್ಟೆಗಳು ಬರುವುದನ್ನು ಅವರು ನೋಡುತ್ತಾ ಕೂರಲಿ, ಸೌತೆಕಾಯಿ ಸುತ್ತಿದ್ದು ಬಂದಾಗ ಅವರೇ ಕೈ ಚಾಚಿ ತೆಗೆದುಕೊಳ್ಳಲಿ. ಹೊರಡುವಾಗ ಅಡುಗೆಯವರ ಕಡೆ ತಿರುಗಿ "ಗೊಚಿಸೋಸಮಾ ದೆಶಿತಾ" ಅನ್ನಿ, ಊಟಕ್ಕೆ ಧನ್ಯವಾದ ಎಂದರ್ಥ. ಅಪ್ಪ ಅಮ್ಮನ ಬಾಯಲ್ಲೂ ಅನ್ನಿಸಿ.